ಬಂಜರೆಂದು ಕರೆದ ನೆಲ

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬುದು ನಮ್ಮ ಹಿರಿಯರ ಗಾದೆ. ಈ ಗಾದೆಯನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇವೆ. ಆಡಬಾರದ ಒಂದು ಮಾತಿನಿಂದ ಅಣ್ಣತಮ್ಮಂದಿರು ಬೇರೆಯಾದ ಕಥೆಗಳನ್ನು ಉದಾಹರಣೆಯಾಗಿ ಹೇಳಿದ್ದೇವೆ. ಆದರೆ ಒಂದೇ ಒಂದು ಮಾತು ಮನುಷ್ಯರ ಮನೆಯನ್ನಷ್ಟೇ ಅಲ್ಲ, ಹಕ್ಕಿಗಳ ಮನೆಯನ್ನೂ ಕೆಡಿಸಬಲ್ಲದೆಂಬುದು ನಮಗೆ ಹೊಳೆದದ್ದು ಇತ್ತೀಚೆಗೆ. ಆ ಮಾತು ‘ಬಂಜರು’. ಈ ಒಂದು ಮಾತನ್ನು ಕುರಿತು ನಮ್ಮ ವಿದ್ಯಾರ್ಥಿಮಿತ್ರರೊಡನೆ ಸ್ವಲ್ಪ ವಿಚಾರಮಾಡಬೇಕೆಂಬುದೇ ಈ ಲೇಖನದ ಉದ್ದೇಶ.

ಕಳೆದ ವರ್ಷ ಶಾಲೆ ತೆರೆದ ಹೊಸತರಲ್ಲಿ, ಮೊದಲ ಮಳೆ ಬಿದ್ದ ಮರುದಿನ, ಕೆಲವು ಮಂದಿ ವಿದ್ಯಾರ್ಥಿಗಳೊಡನೆ ನಾವು ಮಣಿಕೊಂಡದ ಹೊರಮಗ್ಗುಲಲ್ಲಿ ತಿರುಗಾಡಲು ಹೋಗಿದ್ದೆವು. ಎತ್ತ ನೋಡಿದರೂ ಮುಗಿಲು ಮುಟ್ಟುವ ಕಟ್ಟಡಗಳು. ಅವುಗಳ ನಡುವೆ ಬಂಡೆಗಳೂ ಕುರುಚಲು ಹುಲ್ಲೂ ಇದ್ದ ಒಂದು ತುಂಡು ನೆಲ ಹೇಗೋ ಉಳಿದುಕೊಂಡಿತ್ತು. “ಇಲ್ಲಿ ಏನಿದೆ?” ಎಂದು ಕೇಳಿದೆವು. “ಏನೂ ಇಲ್ಲ ಗುರುಗಳೆ, ಖಾಲಿ ಜಾಗ” ಎಂದು ಒಬ್ಬ ಹುಡುಗ ಉತ್ತರವಿತ್ತ. ಅವನ ಮಾತು ಮುಗಿಯುವಷ್ಟರಲ್ಲಿ ಹತ್ತು ಮಾರು ಆಚೆಯಿಂದ ಒಂದು ಟಿಟ್ಟಿಭ ಕೂಗುತ್ತ ಮೇಲೆದ್ದು ನಮ್ಮ ತಲೆಯ ಮೇಲೆ ಸುತ್ತತೊಡಗಿತು. ಎಚ್ಚರದಿಂದ ನೋಡಿದಾಗ ಬರಿಯ ನೆಲದ ಮೇಲೆ, ಹರಳುಗಳ ನಡುವೆ, ಹರಳುಗಳಂತೆಯೇ ತೋರುವ ನಾಲ್ಕು ಮೊಟ್ಟೆಗಳು! ನಾವೆಲ್ಲರೂ ಸದ್ದಿಲ್ಲದೆ ಹಿಂದೆ ಸರಿದೆವು. ಎರಡು ವಾರದ ಬಳಿಕ ಮತ್ತೆ ಹೋದಾಗ ಅಲ್ಲಿ ತಗಡಿನ ಬೇಲಿ ಎದ್ದಿತ್ತು. ಮರಿಗಳು ಹೊರಬಂದವೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ.

ಆ ಹುಡುಗನದು ತಪ್ಪಲ್ಲ. ಅವನು ಹೇಳಿದ್ದು ದೊಡ್ಡವರಿಂದ ಕಲಿತ ಮಾತು. ಮರವಿದ್ದರೆ ಅದನ್ನು ಕಾಡೆನ್ನುತ್ತೇವೆ, ಬೆಳೆಯಿದ್ದರೆ ಹೊಲವೆನ್ನುತ್ತೇವೆ, ಮನೆಯಿದ್ದರೆ ಊರೆನ್ನುತ್ತೇವೆ. ಈ ಮೂರೂ ಇಲ್ಲದಿದ್ದರೆ ಏನೂ ಇಲ್ಲವೆನ್ನುತ್ತೇವೆ. ಆದರೆ ಹುಲ್ಲು ಮಾತ್ರವೇ ಇರುವ ಬಯಲು ಕೂಡ ಕಾಡಿನಷ್ಟೇ ಸಹಜವಾದ ಒಂದು ನಿವಾಸ. ಮಳೆ ಕಡಮೆಯಾದ ನಮ್ಮ ದಖ್ಖನ್ ಪೀಠಭೂಮಿಯಲ್ಲಿ ಇಂಥ ಬಯಲುಗಳು ಪ್ರಾಚೀನವಾದವು. ನೆಲಗುಬ್ಬಿ, ಲಾವುಗೆ, ಟಿಟ್ಟಿಭ ಮೊದಲಾದ ಹಕ್ಕಿಗಳು ಮರವನ್ನು ಬಯಸುವುದೇ ಇಲ್ಲ. ನೆಲದ ಮೇಲೆಯೇ ಗೂಡು, ನೆಲದ ಮೇಲೆಯೇ ಮೇವು. ದೂರದವರೆಗೆ ಕಣ್ಣು ಹಾಯುವಂತಿದ್ದರೆ ಅದೇ ಅವುಗಳ ರಕ್ಷಣೆ. ಮರ ಬೆಳೆದರೆ ಅದರ ಮೇಲೆ ಕಾಗೆಯೂ ಗಿಡುಗವೂ ಕುಳಿತು ಮೊಟ್ಟೆಯ ಮೇಲೆ ಕಣ್ಣಿಡುತ್ತವೆ. ಚಳಿಗಾಲದಲ್ಲಿ ಮಧ್ಯ ಏಷ್ಯದಿಂದ ಹ್ಯಾರಿಯರ್ ಎಂಬ ವಲಸೆಯ ಗಿಡುಗಗಳು ನಮ್ಮ ಬಯಲುಗಳಿಗೆ ಬಂದು, ಹಗಲೆಲ್ಲ ಮಿಡತೆಗಳನ್ನೂ ಇಲಿಗಳನ್ನೂ ಹಿಡಿದು, ರಾತ್ರಿ ಮರವನ್ನು ಬಿಟ್ಟು ಹುಲ್ಲಿನ ನಡುವೆ ನೆಲದ ಮೇಲೆಯೇ ಒಟ್ಟಾಗಿ ತಂಗುತ್ತವೆ. ಊರು ಬಿಟ್ಟು ಬಂದವರಿಗೆ ರಾತ್ರಿ ತಂಗಲು ಒಂದು ನೆಲೆ ಎಷ್ಟು ಮುಖ್ಯವೆಂಬುದನ್ನು ಮಣಿಕೊಂಡದಲ್ಲಿ ವಾಸಮಾಡುವ ನಮ್ಮಂಥವರಿಗೆ ವಿವರಿಸಬೇಕಾಗಿಲ್ಲ.

ಹೀಗಿರುವ ನೆಲಕ್ಕೆ ನಮ್ಮ ಹಳ್ಳಿಗರು ಗೋಮಾಳ, ಹುಲ್ಲುಗಾವಲು, ಕಾವಲು, ಬೀಳು ಎಂದು ಬಗೆಬಗೆಯ ಹೆಸರಿಟ್ಟಿದ್ದರು. ದನ ಮೇಯುವ ನೆಲವೊಂದು, ಹುಲ್ಲು ಕೊಯ್ಯುವ ನೆಲವೊಂದು, ದಣಿದು ಸುಧಾರಿಸಿಕೊಳ್ಳುವ ನೆಲವೊಂದು. ಪ್ರತಿಯೊಂದು ಹೆಸರಿನಲ್ಲಿಯೂ ಒಂದು ಉಪಯೋಗವಿತ್ತು, ಒಂದು ಗೌರವವಿತ್ತು. ಬ್ರಿಟಿಷರ ಆಳಿಕೆಯಲ್ಲಿ ಕಂದಾಯವೇ ನೆಲದ ಅಳತೆಗೋಲಾಯಿತು. ಕಂದಾಯ ಹುಟ್ಟದ ನೆಲವೆಲ್ಲವೂ ದಫ್ತರದಲ್ಲಿ ವ್ಯರ್ಥಭೂಮಿ ಎನಿಸಿತು. ಆಳಿದವರು ಹೋದರು, ಆ ಮಾತು ಹೋಗಲಿಲ್ಲ. ಇಂದಿಗೂ ಭಾರತದ ಬಂಜರು ಭೂಮಿಗಳ ನಕಾಶೆಯ ಪುಸ್ತಕವೊಂದು ಪ್ರಕಟವಾಗುತ್ತಿದೆ. ಉಪಗ್ರಹಗಳಿಂದ ತೆಗೆದ ಚಿತ್ರಗಳ ಆಧಾರದ ಮೇಲೆ ಅದನ್ನು ಸಿದ್ಧಪಡಿಸುವ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ನಮ್ಮ ಹೈದರಾಬಾದಿನಲ್ಲಿಯೇ ಇದೆ. 2019ರ ಆವೃತ್ತಿಯ ಪ್ರಕಾರ ದೇಶದ ನೆಲದಲ್ಲಿ ಸುಮಾರು ಶೇಕಡ 17 ಭಾಗ ಬಂಜರು. ಮರಳುದಿಬ್ಬ, ಚೌಳುನೆಲಗಳೊಡನೆ ಕುರುಚಲು ಪೊದೆಯ ಬಯಲೂ ಸೊರಗಿದ ಗೋಮಾಳವೂ ಆ ಪಟ್ಟಿಯಲ್ಲಿ ಸೇರಿವೆ. ನಕಾಶೆ ಬರೆದವರ ಶ್ರಮ ದೊಡ್ಡದು, ಅದರಿಂದ ಪ್ರಯೋಜನವೂ ಉಂಟು. ಆದರೆ ಹಕ್ಕಿಯ ಮನೆಯ ಬಾಗಿಲಿಗೆ ‘ಮನೆ ಖಾಲಿ ಇದೆ’ ಎಂಬ ಹಲಗೆಯನ್ನು ತೂಗುಹಾಕಿದರೆ ಬಾಡಿಗೆದಾರರು ಬಾರದೆ ಇರುತ್ತಾರೆಯೆ?

ಬಂದರು. ಮೊದಲು ಬಂದದ್ದು ಜಟ್ರೋಫಾ ಎಂಬ ಕಾಡುಹರಳು. ಇದು ಮಧ್ಯ ಅಮೆರಿಕದ ಕಡೆಯ ಗಿಡ. ಇದರ ಬೀಜದ ಎಣ್ಣೆಯಿಂದ ಡೀಸೆಲ್ ಮಾಡಬಹುದು. 2003ರಲ್ಲಿ ಆಗಿನ ಯೋಜನಾ ಆಯೋಗದ ಸಮಿತಿಯೊಂದು ಡೀಸೆಲ್ಲಿನಲ್ಲಿ ಐದರಲ್ಲೊಂದು ಪಾಲು ಇಂಥ ಎಣ್ಣೆಯನ್ನು ಬೆರಸುವ ಗುರಿಯನ್ನು ಸೂಚಿಸಿತು. ಅದಕ್ಕೆ ಬೇಕಾಗುವ ನೆಲ ಒಂದು ಕೋಟಿ ಹತ್ತು ಲಕ್ಷ ಹೆಕ್ಟೇರಿನಷ್ಟೆಂದು ಲೆಕ್ಕಹಾಕಲಾಯಿತು. ಇಡೀ ಕರ್ನಾಟಕದ ವಿಸ್ತೀರ್ಣ ಸುಮಾರು ಒಂದು ಕೋಟಿ ತೊಂಬತ್ತೆರಡು ಲಕ್ಷ ಹೆಕ್ಟೇರು. ಅದರ ಅರ್ಧಕ್ಕೂ ಮಿಗಿಲಾದ ನೆಲ ಒಂದೇ ಗಿಡಕ್ಕೆ! ಅಷ್ಟು ನೆಲ ಎಲ್ಲಿಂದ ಬರಬೇಕು? ಬಹುಮಟ್ಟಿಗೆ ‘ಬಂಜರು’ ಎಂಬ ಪಟ್ಟಿಯಿಂದ. ಆಹಾರದ ಹೊಲವನ್ನು ಮುಟ್ಟುವುದಿಲ್ಲ, ಕಾಡನ್ನು ಕಡಿಯುವುದಿಲ್ಲ, ಏನೂ ಇಲ್ಲದ ನೆಲದಲ್ಲಿ ಬೆಳೆಯುತ್ತೇವೆ ಎಂಬ ವಾದ ಕೇಳಲು ಇಂಪಾಗಿತ್ತು. ಆದರೆ ನೆಲಕ್ಕೆ ವಾದ ತಿಳಿಯದು. ನೀರು ಗೊಬ್ಬರಗಳಿಲ್ಲದ ಕಡೆ ಗಿಡ ಬದುಕಿತೇ ಹೊರತು ಬೀಜ ಹಿಡಿಯಲಿಲ್ಲ. ಅದರ ಎಲೆಯನ್ನು ದನವೂ ಮುಟ್ಟದು, ಕುರಿಯೂ ಮುಟ್ಟದು. ಹಲವು ಕಡೆ ತೋಪುಗಳು ಹಾಗೆಯೇ ಪಾಳುಬಿದ್ದವು. ಡೀಸೆಲ್ ಬರಲಿಲ್ಲ, ನೆಟ್ಟ ಕಡೆಗಳಲ್ಲಿ ಹುಲ್ಲೂ ಉಳಿಯಲಿಲ್ಲ.

ಹುಲ್ಲಿನ ನೆಲದಲ್ಲಿ ಗಿಡ ನೆಡುವುದನ್ನು ಪುಣ್ಯವೆಂದೇ ನಾವೆಲ್ಲರೂ ಭಾವಿಸಿದ್ದೇವೆ. ಆದುದರಿಂದ ಅದರ ಪರಿಣಾಮವನ್ನು ಕನ್ನಡ ನಾಡಿನ ಒಂದು ಹಳೆಯ ನಿದರ್ಶನದಿಂದ ಸ್ಪಷ್ಟಪಡಿಸುತ್ತೇವೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಬಳಿ ಕೃಷ್ಣಮೃಗಗಳಿಗೆಂದು 1974ರಲ್ಲಿ ಘೋಷಿತವಾದ ಅಭಯಾರಣ್ಯವಿದೆ. ಅದರ ವಿಸ್ತೀರ್ಣ 119 ಚದರ ಕಿಲೋಮೀಟರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಬಯಲುಗಳ ಬಹುಭಾಗದಲ್ಲಿ ನೀಲಗಿರಿ ತೋಪುಗಳನ್ನು ಬೆಳೆಸಲಾಯಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ಅದೇ ನೆಲದಲ್ಲಿ ಒಮ್ಮೆ ಕಾಣುತ್ತಿದ್ದ ಎರೆಭೂತ ಎಂಬ ಹಿರಿಯ ಹಕ್ಕಿ ಮಾತ್ರ ಇಂದು ಅಲ್ಲಿ ಇಲ್ಲ. ಮರವೆಂದರೆ ಹಸಿರು, ಹಸಿರೆಂದರೆ ಒಳಿತು ಎಂದು ಲೆಕ್ಕಹಾಕುವವರಿಗೆ ಈ ಹಕ್ಕಿಯ ಗೈರುಹಾಜರಿಯೇ ಉತ್ತರ.

ಎರೆಭೂತದ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳತಕ್ಕದ್ದು. ‘ಎರೆ’ ಎಂದರೆ ಕರಿಯ ಮಣ್ಣು. ಎರೆಯ ಬಯಲಿನಲ್ಲಿ ಮೂರಡಿ ಎತ್ತರಕ್ಕೆ ನಿಂತು, ಬಿಸಿಲುಗುದುರೆಯ ನಡುವೆ ಒಮ್ಮೆ ಕಂಡು ಒಮ್ಮೆ ಮಾಯವಾಗುವ ಹಕ್ಕಿಗೆ ನಮ್ಮ ಜನ ಇಟ್ಟ ಹೆಸರು ಎಷ್ಟು ಅರ್ಥವತ್ತಾಗಿದೆ! ಗಂಡುಹಕ್ಕಿ ಹದಿನೈದು ಕಿಲೋಗ್ರಾಮಿನವರೆಗೂ ತೂಗುವುದುಂಟು. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲಿ ಕೆಲವೇ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನು, ಅದೂ ಬರಿಯ ನೆಲದ ಮೇಲೆ, ಇಡುತ್ತದೆ. ಇದನ್ನು ರಾಷ್ಟ್ರಪಕ್ಷಿಯನ್ನಾಗಿ ಆರಿಸಬೇಕೆಂದು ಪಕ್ಷಿತಜ್ಞ ಡಾ. ಸಾಲಿಂ ಅಲಿಯವರು ವಾದಿಸಿದ್ದರು. 1931-32ರಲ್ಲಿ ಆಗಿನ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದವರೂ ಅವರೇ. ನಮ್ಮಲ್ಲಿ ಅನೇಕರ ಹಿರಿಯರ ಊರುಗಳಿರುವ ಕಲಬುರಗಿ, ರಾಯಚೂರು, ಬೀದರ್ ಪ್ರದೇಶಗಳು ಆ ಸಂಸ್ಥಾನಕ್ಕೇ ಸೇರಿದ್ದವು. 1963ರಲ್ಲಿ ರಾಷ್ಟ್ರಪಕ್ಷಿಯ ಪಟ್ಟ ನವಿಲಿಗೆ ಸಂದಿತು. ನವಿಲಿಗೆ ಆ ಗೌರವ ಸಲ್ಲತಕ್ಕದ್ದೇ. ಆದರೆ ನವಿಲು ಊರೂರಲ್ಲಿ ಕೂಗುತ್ತಿದೆ; ಬಯಲಿನಲ್ಲಿ ಉಳಿದಿರುವ ಎರೆಭೂತಗಳು ನೂರೈವತ್ತರ ಆಸುಪಾಸು, ಅವುಗಳಲ್ಲಿಯೂ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರಿನ ಕಡೆ ಇವೆ. ಕರ್ನಾಟಕದಲ್ಲಿ ಅದರ ಕೊನೆಯ ನೆಲೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನ ಮಳೆಯಾಶ್ರಿತ ಎರೆಹೊಲಗಳು. ಅಲ್ಲಿ ಬೆರಳೆಣಿಕೆಯಷ್ಟನ್ನು ಗುರುತಿಸಿದ್ದಾರೆ.

ಹೊಲವೆಂದರೆ ಎಲ್ಲವೂ ಹಕ್ಕಿಗೆ ವೈರಿಯಲ್ಲವೆಂಬುದನ್ನು ಸಿರುಗುಪ್ಪ ನಮಗೆ ತಿಳಿಸುತ್ತದೆ. ಮಳೆಯನ್ನು ನಂಬಿ ಜೋಳ, ಸಜ್ಜೆ, ಕಡಲೆಗಳನ್ನು ಬೆಳೆದು, ನಡುವೆ ಬೀಳು ಬಿಡುವ ರೈತನೊಡನೆ ಎರೆಭೂತ ತಲೆತಲಾಂತರದಿಂದ ಬಾಳಿದೆ. ಕಾಳನ್ನು ಕೊಂಚ ತಿಂದರೂ ಮಿಡತೆ ಜೀರುಂಡೆಗಳನ್ನು ತಿಂದು ಸಾಲ ತೀರಿಸಿದೆ. ಬೆಳೆಯ ಬಗೆ ಬದಲಾದಾಗ ಈ ಒಪ್ಪಂದ ಮುರಿಯುತ್ತದೆ. ಇಲ್ಲಿಂದ ಕರ್ನೂಲಿನ ದಾರಿ ಹಿಡಿದು ಹೋದರೆ ನಂದ್ಯಾಲ ಜಿಲ್ಲೆಯಲ್ಲಿ ರೋಳ್ಳಪಾಡು ಎಂಬ ಅಭಯಾರಣ್ಯ ಸಿಗುತ್ತದೆ. ಎರೆಭೂತಕ್ಕೆಂದೇ 1988ರಲ್ಲಿ ಅದನ್ನು ಘೋಷಿಸಲಾಯಿತು. ಬೇಲಿಯ ಒಳಗಿನ ಆರು ಚದರ ಕಿಲೋಮೀಟರು ಹುಲ್ಲು ಹಾಗೆಯೇ ಉಳಿಯಿತು. ಬೇಲಿಯ ಹೊರಗೆ ಕಾಲುವೆಯ ನೀರು ಬಂದು, ಹಳೆಯ ಒಣಬೇಸಾಯದ ಜಾಗದಲ್ಲಿ ಹಣದ ಬೆಳೆಗಳು ಬಂದವು. ಈಗ ಅಲ್ಲಿ ಎರೆಭೂತ ಕಾಣುವುದು ಬಹುಮಟ್ಟಿಗೆ ನಿಂತೇಹೋಗಿದೆ. ರೋಳ್ಳಪಾಡಿನಲ್ಲಿ ಇಂಧನದ ಬೆಳೆಯ ದೋಷವಿದೆಯೆಂದು ನಾವು ಹೇಳುತ್ತಿಲ್ಲ; ಬೇಟೆ, ನಾಯಿ, ವಿದ್ಯುತ್ತಿನ ತಂತಿ ಮೊದಲಾದ ಕಾರಣಗಳು ಈ ಹಕ್ಕಿಯ ಪಾಲಿಗೆ ಬೇರೆ ಬೇರೆ ಕಡೆ ಕೂಡಿಬಂದಿವೆ. ಆದರೆ ಬೆಳೆ ಬದಲಾದರೆ ಹಕ್ಕಿಯ ಬಾಳೇ ಬದಲಾಗುತ್ತದೆಂಬ ಪಾಠ ಅಲ್ಲಿದೆ. ಆ ಪಾಠವನ್ನು ಮರೆತರೆ ಮುಂದೆ ಬರುವುದು ಅರ್ಥವಾಗದು.

ಮುಂದೆ ಬಂದದ್ದು ಎಥನಾಲ್. ಕಬ್ಬು, ಮೆಕ್ಕೆಜೋಳ, ಅಕ್ಕಿ ಮುಂತಾದವುಗಳಿಂದ ತೆಗೆಯುವ ಈ ಮದ್ಯಸಾರವನ್ನು ಪೆಟ್ರೋಲಿನೊಡನೆ ಬೆರಸುತ್ತಾರೆ. 2013-14ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಇದು ಶೇಕಡ ಒಂದೂವರೆಯಷ್ಟಿತ್ತು. 2025ರಲ್ಲಿ ಶೇಕಡ 20ಕ್ಕೆ ಮುಟ್ಟಿತು. ಇದರ ಅರ್ಥವೇನೆಂಬುದನ್ನು ಗಣಿತದ ಒಂದು ಸಣ್ಣ ಲೆಕ್ಕದಿಂದ ನೋಡೋಣ. ಒಂದು ಟನ್ನು ಮೆಕ್ಕೆಜೋಳದಿಂದ, ಅಂದರೆ ನಮ್ಮ ಊರ ಕಡೆಯವರು ಗೋವಿನಜೋಳವೆನ್ನುವ ಕಾಳಿನಿಂದ, ಸುಮಾರು 380 ಲೀಟರು ಎಥನಾಲ್ ದೊರೆಯುತ್ತದೆ. ಮೂವತ್ತೈದು ಲೀಟರಿನ ಕಾರಿನ ತೊಟ್ಟಿ ತುಂಬಿದರೆ ಅದರಲ್ಲಿ ಏಳು ಲೀಟರು ಎಥನಾಲ್. ಅಷ್ಟೂ ಮೆಕ್ಕೆಜೋಳದ್ದೇ ಆದರೆ ಹದಿನೆಂಟು ಕಿಲೋಗ್ರಾಮಿಗೂ ಹೆಚ್ಚು ಕಾಳು ಬೇಕು. ಮಣಿಕೊಂಡದ ರಸ್ತೆಯಲ್ಲಿ ಸಂಜೆ ನಿಂತಿರುವ ಕಾರುಗಳ ಸಾಲನ್ನು ನೋಡಿರಿ. ಪ್ರತಿಯೊಂದರ ಹಿಂದೆಯೂ ಎಲ್ಲಿಯೋ ಒಂದು ತುಂಡು ಹೊಲವಿದೆ. ಕಬ್ಬಾದರೆ ಒಂದು ಲೀಟರು ಎಥನಾಲಿಗೆ ಸುಮಾರು 2,860 ಲೀಟರು ನೀರು ಬೇಕೆಂದು 2021ರ ನೀತಿ ಆಯೋಗದ ವರದಿಯೇ ಹೇಳಿದೆ. ಕಾಳಿಗೆ ಬೇಡಿಕೆ ಹೆಚ್ಚಿದಾಗ ಬೆಲೆ ಏರುತ್ತದೆ. ಬೆಲೆ ಏರಿದಾಗ ರೈತನು ಬೀಳು ಬಿಟ್ಟ ನೆಲವನ್ನೂ ಬದುವಿನ ಅಂಚನ್ನೂ ಉಳುತ್ತಾನೆ. ಅದು ಅವನ ನ್ಯಾಯ. ಆದರೆ ಆಳುದ್ದ ಬೆಳೆದು ಒತ್ತಾಗಿ ನಿಲ್ಲುವ ಮೆಕ್ಕೆಜೋಳದೊಳಗೆ ನೆಲದ ಹಕ್ಕಿಗೆ ಕಣ್ಣು ಹಾಯದು, ಕಾಲು ನಡೆಯದು.

ಇದು ನಮ್ಮ ಕಲ್ಪನೆಯಲ್ಲ. ನಮಗಿಂತ ಮುಂಚೆ ಈ ದಾರಿಯಲ್ಲಿ ನಡೆದ ಅಮೆರಿಕ ಸಂಯುಕ್ತ ಸಂಸ್ಥಾನದ ಕಥೆಯನ್ನು ಗಮನಿಸಿರಿ. ಅಲ್ಲಿ 1985ರ ಕಾನೂನಿನ ಮೂಲಕ ಸರ್ಕಾರವು ರೈತರಿಗೆ ಹಣಕೊಟ್ಟು, ಸವಕಳಿಯಾಗುವ ಹೊಲಗಳನ್ನು ಉಳದೆ ಹುಲ್ಲಿಗೆ ಬಿಡಿಸುತ್ತಿತ್ತು. 2007ರಲ್ಲಿ ಹೀಗೆ ಬಿಟ್ಟ ನೆಲ ಮೂರು ಕೋಟಿ ಅರವತ್ತು ಲಕ್ಷ ಎಕರೆಗೂ ಮಿಗಿಲಾಗಿತ್ತು. ಅದೇ ವರ್ಷ ಜೈವಿಕ ಇಂಧನದ ಪ್ರಮಾಣವನ್ನು ಬಹಳವಾಗಿ ಏರಿಸುವ ಕಾನೂನು ಬಂದಿತು. ಮೆಕ್ಕೆಜೋಳದ ಬೆಲೆ ಏರಿತು. ಈ ಕಾರಣದೊಡನೆ ಬೇರೆ ಕಾರಣಗಳೂ ಸೇರಿ, 2016ರ ವೇಳೆಗೆ ಆ ನೆಲ ಸುಮಾರು ಎರಡು ಕೋಟಿ ನಲವತ್ತು ಲಕ್ಷ ಎಕರೆಗೆ ಇಳಿಯಿತು. ಉಳಿದದ್ದರಲ್ಲಿ ಬಹಳಷ್ಟು ನೇಗಿಲಿನ ಪಾಲಾಯಿತು. 1970ರಿಂದೀಚೆಗೆ ಉತ್ತರ ಅಮೆರಿಕದ ಹುಲ್ಲುಗಾವಲಿನ ಹಕ್ಕಿಗಳು ಅರ್ಧಕ್ಕೂ ಹೆಚ್ಚು, ಎಣಿಕೆಯಲ್ಲಿ ಎಪ್ಪತ್ತು ಕೋಟಿಗೂ ಮಿಗಿಲು, ಕಡಮೆಯಾಗಿವೆಯೆಂದು 2019ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಈ ಇಳಿತಕ್ಕೆ ಮೂಲ ಬೇಸಾಯದ ಹಳೆಯ ಒತ್ತಡ. ಇಂಧನದ ಬೆಳೆ ಅದಕ್ಕೆ ಹೊಸದಾಗಿ ಕೂಡಿದ ಒತ್ತಡ. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಹುಲ್ಲುಗಾವಲು ತನ್ನ ಬೇರುಗಳಲ್ಲಿಯೂ ಮಣ್ಣಿನಲ್ಲಿಯೂ ಅಪಾರ ಇಂಗಾಲವನ್ನು ಅಡಗಿಸಿಟ್ಟಿರುತ್ತದೆ. ಅದನ್ನು ಉತ್ತು ಮೆಕ್ಕೆಜೋಳ ಬೆಳೆದು ಎಥನಾಲ್ ಮಾಡಿದರೆ, ಉಳುವಾಗ ಗಾಳಿಗೆ ಬಿಟ್ಟ ಇಂಗಾಲದ ಸಾಲ ತೀರಲು 93 ವರ್ಷ ಬೇಕೆಂದು 2008ರಲ್ಲಿ ಅಲ್ಲಿನ ಸಂಶೋಧಕರು ಲೆಕ್ಕಹಾಕಿದ್ದಾರೆ. ಗಾಳಿಯನ್ನು ಶುದ್ಧಿಮಾಡಲು ಹೊರಟು ಮೊದಲ ಹೆಜ್ಜೆಯಲ್ಲಿಯೇ ಮುಮ್ಮಕ್ಕಳ ಕಾಲದವರೆಗಿನ ಸಾಲ ಮಾಡಿದಂತಾಯಿತು!

ಇಲ್ಲಿ ಎದುರುಪಕ್ಷದ ಮಾತನ್ನೂ ಕೇಳುವುದು ನ್ಯಾಯ. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಆ ಹಣ ನಮ್ಮ ರೈತರ ಕೈಗೆ ಬಂದರೆ ತಪ್ಪೇನು? ಬಡವನ ಹೊಟ್ಟೆ ಮುಖ್ಯವೋ ಹಕ್ಕಿಯ ಗೂಡು ಮುಖ್ಯವೋ? ಈ ಪ್ರಶ್ನೆ ಪೊಳ್ಳಲ್ಲ. ಮೆಕ್ಕೆಜೋಳಕ್ಕೆ ಒಳ್ಳೆಯ ಬೆಲೆ ಬಂದ ವರ್ಷ ಊರಿನ ಮನೆಗಳಲ್ಲಿ ಹಬ್ಬ ಹೇಗೆ ನಡೆಯುತ್ತದೆಂಬುದನ್ನು ನಾವು ಬಲ್ಲೆವು. ಆದರೆ ಗೋಮಾಳವನ್ನು ಕಳೆದುಕೊಳ್ಳುವವನೂ ಬಡವನೇ ಎಂಬುದನ್ನು ಮರೆಯಬಾರದು. ಹೊಲವಿಲ್ಲದವನಿಗೆ ಹತ್ತು ಕುರಿಗಳಿದ್ದರೆ ಆ ಬಂಜರೇ ಅವನ ಹೊಲ. ಹಕ್ಕಿಗೂ ಕುರಿಗಾಹಿಗೂ ಕಂದಾಯದ ದಫ್ತರದಲ್ಲಿ ಹೆಸರಿಲ್ಲ. ಇಬ್ಬರ ನೆಲವೂ ಒಂದೇ, ಇಬ್ಬರ ಪಾಡೂ ಒಂದೇ. ಆದುದರಿಂದ ಇದು ಬಡವನಿಗೂ ಹಕ್ಕಿಗೂ ನಡುವಣ ವ್ಯಾಜ್ಯವಲ್ಲ.

ಜೈವಿಕ ಇಂಧನವೇ ಬೇಡವೆಂದು ನಾವು ಹೇಳುವುದಿಲ್ಲ. ಎಲ್ಲಿ ಬೆಳೆಯಬೇಕು, ಯಾವುದರಿಂದ ತೆಗೆಯಬೇಕು ಎಂಬುದೇ ಪ್ರಶ್ನೆ. ಹಾಸನದ ಬಳಿ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವಿದೆ. ಹೊಂಗೆ, ಬೇವು, ಹಿಪ್ಪೆಗಳನ್ನು ಹೊಲದ ಬದುಗಳಲ್ಲಿಯೂ ಹಿತ್ತಿಲಲ್ಲಿಯೂ ಬೆಳೆದು, ಬೀಜವನ್ನು ಆಯ್ದು ಎಣ್ಣೆ ತೆಗೆಯುವ ಮಾರ್ಗವನ್ನು ಅದು ರೈತರಿಗೆ ತೋರಿಸಿತು. ಹೊಂಗೆಯೆಣ್ಣೆಯ ದೀಪದಲ್ಲಿ ಓದಿದ ಅಜ್ಜಂದಿರ ನಾಡಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಹರಿಯಾಣದ ಪಾಣಿಪತ್ತಿನಲ್ಲಿ 2022ರಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ತೆಗೆಯುವ ಕಾರ್ಖಾನೆಯೊಂದು ಆರಂಭವಾಯಿತು. ಇಂಥ ಮಾರ್ಗಗಳಿಂದ ಬರುವ ಇಂಧನ ಕಡಮೆಯಿರಬಹುದು, ಖರ್ಚು ಹೆಚ್ಚಿರಬಹುದು. ಆದರೆ ಇವುಗಳಿಗೆ ಹೊಸ ನೆಲ ಬೇಕಿಲ್ಲ. ಹುಲ್ಲನ್ನು ಹುಲ್ಲಾಗಿಯೇ ಕಾಪಾಡುವುದೂ ಅಸಾಧ್ಯವಲ್ಲ. ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದರು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳು ಮೇಯುತ್ತಿದ್ದ ಆ ಕಾವಲಿನಲ್ಲಿ ಕೃಷ್ಣಮೃಗಗಳಿವೆ, ಚಳಿಗಾಲದಲ್ಲಿ ಹ್ಯಾರಿಯರ್ ಗಿಡುಗಗಳೂ ತಂಗುತ್ತವೆ. ಅದನ್ನು ಯಾರೂ ಬಂಜರೆನ್ನಲಿಲ್ಲ, ಕಾವಲೆಂದರು. ಕಾವಲೆಂದ ಮೇಲೆ ಕಾಯುವುದು ಕರ್ತವ್ಯವಾಯಿತು. ಹೆಸರಿನ ಬಲ ಇಂಥದ್ದು.

ನಮ್ಮ ಅಭಿಪ್ರಾಯವಿಷ್ಟೇ: ಇಂಧನದ ಬೆಳೆಗೆಂದು ಒಂದು ನೆಲವನ್ನು ಆರಿಸುವ ಮುನ್ನ, ಅದು ಖಾಲಿಯೆಂದು ಹೇಳುವವರು ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಗೆ ಅಲ್ಲಿ ನಿಂತು ನೋಡಿರಬೇಕು. ಮೂರು ಋತುಗಳಲ್ಲಿ ಯಾರೂ ಮೇಯದ, ಯಾರೂ ಗೂಡುಕಟ್ಟದ, ಯಾರೂ ತಂಗದ ನೆಲವಿದ್ದರೆ ಅದನ್ನು ಧಾರಾಳವಾಗಿ ಬಂಜರೆನ್ನಲಿ.

ವಿದ್ಯಾರ್ಥಿಗಳು ಈ ವಿಷಯದಲ್ಲಿ ಮಾಡತಕ್ಕದ್ದೇನು? ಕಾನೂನು ಮಾಡುವುದು ನಿಮ್ಮ ಕೈಯಲ್ಲಿಲ್ಲ. ಮಾತು ನಿಮ್ಮ ಬಾಯಲ್ಲಿದೆ. ರಜೆಯಲ್ಲಿ ಊರಿಗೆ ಹೋದಾಗ ಊರಿನ ಹೊರಗಿನ ಬಯಲಿನ ಹೆಸರೇನೆಂದು ಅಜ್ಜ ಅಜ್ಜಿಯರನ್ನು ಕೇಳಿರಿ. ಅಲ್ಲಿ ಯಾವ ಹಕ್ಕಿ ಇತ್ತು, ಯಾವುದು ಈಗಲೂ ಇದೆ ಎಂಬುದನ್ನು ಬರೆದುಕೊಂಡು ಬನ್ನಿರಿ. ಎರೆಭೂತದ ಹೆಸರು ಎಷ್ಟು ಮನೆಗಳಲ್ಲಿ ಇನ್ನೂ ನೆನಪಿದೆಯೆಂಬುದನ್ನು ನಾವು ತರಗತಿಯಲ್ಲಿ ಒಟ್ಟಿಗೆ ಎಣಿಸೋಣ. ಕೈಪಿಡಿಯ ಕನ್ನಡಕ್ಕಿಂತ ಈ ಕನ್ನಡ ಕಡಮೆಯದಲ್ಲ.

ಅಂದು ನಮ್ಮೊಡನೆ ಬಂದಿದ್ದ ಆ ಹುಡುಗ ಈಚೆಗೆ ಬರೆದ ಒಂದು ಪ್ರಬಂಧದಲ್ಲಿ ‘ಖಾಲಿ ಜಾಗ’ ಎಂದು ಬರೆದು, ಅದನ್ನು ತಾನೇ ಹೊಡೆದುಹಾಕಿ, ಮೇಲೆ ‘ಟಿಟ್ಟಿಭದ ಜಾಗ’ ಎಂದು ತಿದ್ದಿದ್ದ. ಅವನ ಪ್ರಬಂಧದಲ್ಲಿ ಕಾಗುಣಿತದ ತಪ್ಪುಗಳು ಹಲವಿದ್ದುವು. ಆ ಒಂದು ತಿದ್ದುಪಡಿಗಾಗಿ ಅವನಿಗೆ ಪೂರ್ಣ ಅಂಕಗಳನ್ನು ಕೊಟ್ಟೆವು.